ಕೊಟ್ಟದ್ದೆಷ್ಟು, ತೆಗೆದುಕೊಂಡದ್ದೆಷ್ಟು?



ಇಂದಿನ ಚಿಂತನೆ: ಎರಡನೆಯ ಶೀಲ

ಕಳೆದ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳನ್ನು ಪೀಣ್ಯದಿಂದ ಬೈಲುಕುಪ್ಪೆಗೆ ಒಂದು ದಿನದ ಪ್ರವಾಸ ಕರೆದುಕೊಂಡು ಹೋಗಿದ್ದೆವು. ನಸುಕಿನಲ್ಲೇ ಬಸ್ಸು ಹೊರಟಿತು. ದಾರಿಯಲ್ಲಿ ಮಕ್ಕಳಿಗೆ ಪಂಚಶೀಲ ಹೇಳಿಕೊಟ್ಟೆ. ಎರಡನೆಯ ಶೀಲವನ್ನು ನಾವು 'ಕಳ್ಳತನ ಮಾಡಬೇಡ' ಎಂದು ಸುಲಭ ಮಾಡಿಕೊಂಡಿದ್ದೇವೆ. ಪಾಲಿಯಲ್ಲಿರುವ ಮಾತು ಇನ್ನೂ ಸೂಕ್ಷ್ಮ. 'ಅದಿನ್ನ' ಎಂದರೆ ಕೊಡದೇ ಇದ್ದದ್ದು. ಕೊಡದೇ ಇದ್ದದ್ದನ್ನು ತೆಗೆದುಕೊಳ್ಳದಿರುವುದೇ ಆ ಶೀಲ ಎಂದು ವಿವರಿಸಿದೆ.

ನಾಮ್‌ಡ್ರೋಲಿಂಗ್ ವಿಹಾರದ ಬಾಗಿಲಲ್ಲಿ ಒಬ್ಬ ಹುಡುಗ, "ಮಿಸ್, ಫಾರಿನ್‌ಗೆ ಬಂದಹಾಗಿದೆ" ಎಂದ. ಕಡುಗೆಂಪು ವಸ್ತ್ರದ ಭಿಕ್ಷುಗಳು, ತಿರುಗುವ ಪ್ರಾರ್ಥನಾ ಚಕ್ರಗಳು, ಸ್ವರ್ಣಮಂದಿರದೊಳಗೆ ಸುಮಾರು 60 ಅಡಿ ಎತ್ತರದ ಬುದ್ಧ, ಅಕ್ಕಪಕ್ಕದಲ್ಲಿ ಪದ್ಮಸಂಭವ ಮತ್ತು ಅಮಿತಾಯು. ಕಾಣಿಕೆ ಪೆಟ್ಟಿಗೆಗೆ ನೂರು ರೂಪಾಯಿ ಹಾಕಿ ಕೈಮುಗಿದೆ.

ಅಂಗಳದಲ್ಲಿ ಮಕ್ಕಳನ್ನು ಕೂರಿಸಿ ಕಥೆ ಹೇಳಿದೆ. 1959ರಲ್ಲಿ ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ರಾಜ್ಯ ಇಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಅದು ಬಹುಪಾಲು ಕಾಡು. ಹಿಮದ ನಾಡಿನವರು ಈ ಸೆಕೆಯಲ್ಲಿ ಕಾಡು ಕಡಿದು, ಜೋಳ ಬಿತ್ತಿ, ಆನೆ ಕಾದು ಬದುಕು ಕಟ್ಟಿಕೊಂಡರು. ಪೆನೋರ್ ರಿಂಪೋಚೆಯವರು 1963ರಲ್ಲಿ ಈ ವಿಹಾರ ಸ್ಥಾಪಿಸಿದರು. ಇಂದಿಗೂ ಚಳಿಗಾಲ ಬಂತೆಂದರೆ ಎಷ್ಟೋ ಟಿಬೆಟಿಯನ್ ಕುಟುಂಬಗಳು ಊರೂರಿಗೆ ಹೋಗಿ ಸ್ವೆಟರ್ ಮಾರುತ್ತವೆ. ಮಕ್ಕಳು ಸುಮ್ಮನೆ ಕೇಳಿಸಿಕೊಂಡರು.

ಮಧ್ಯಾಹ್ನ ಎದುರಿನ ಅಂಗಡಿಗಳಿಗೆ ಹೋದೆವು. ಅಮ್ಮನಿಗೆಂದು ಒಂದು ಉಣ್ಣೆಯ ಶಾಲು ನೋಡಿದೆ. ಅಂಗಡಿಯ ಅಜ್ಜಿಗೆ ಎಪ್ಪತ್ತು ದಾಟಿರಬೇಕು. ಆರುನೂರು ಅಂದರು. ನಾನು ನಾನೂರು ಅಂದೆ. ಎದ್ದು ಹೊರಟಂತೆಯೂ ಮಾಡಿದೆ. ಕೊನೆಗೆ ಅಜ್ಜಿ, "ಸರಿ, ನಾನೂರೈವತ್ತು ಕೊಡಿ, ತಗೊಳ್ಳಿ" ಅಂದರು. ಚೌಕಾಸಿ ಹೇಗೆ ಮಾಡಬೇಕು ನೋಡಿ ಎಂದು ಮಕ್ಕಳ ಕಡೆ ತಿರುಗಿ ನಕ್ಕೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗಿ ಪಕ್ಕಕ್ಕೆ ಬಂದು ಕೂತಳು. ಅವಳ ತಾಯಿ ಗಾರ್ಮೆಂಟ್ಸಿಗೆ ಹೋಗುತ್ತಾರೆ.

"ಮಿಸ್, ಆ ಅಜ್ಜಿ ಸರಿ ಅಂದ್ರಲ್ಲ, ಅದು ಕೊಟ್ಟಹಾಗಾ?"

"ಹೌದಲ್ಲಮ್ಮ, ಅವರೇ ಒಪ್ಪಿ ಕೊಟ್ಟರು."

"ಟಾರ್ಗೆಟ್ ಜಾಸ್ತಿ ಮಾಡಿದಾಗ ನಮ್ಮಮ್ಮನೂ ಸರಿ ಅಂತಾರೆ ಮಿಸ್. ಇಷ್ಟ ಇದ್ದು ಅನ್ನಲ್ಲ."

ಬೆಳಿಗ್ಗೆ ನಾನೇ ಹೇಳಿಕೊಟ್ಟ ಪಾಠವನ್ನು ಅವಳು ನನಗಿಂತ ಚೆನ್ನಾಗಿ ಕಲಿತಿದ್ದಳು. ಬುದ್ಧನ ಮುಂದೆ ನೂರು ರೂಪಾಯಿ ಕೊಟ್ಟು, ಅಜ್ಜಿಯ ಮುಂದೆ ನೂರೈವತ್ತು ತೆಗೆದುಕೊಂಡಿದ್ದೆ. ಕೊಟ್ಟದ್ದನ್ನು ಬಡ್ಡಿ ಸಮೇತ ವಸೂಲಿ ಮಾಡಿದ್ದೆ.

ಹಾಗಂತ ಚೌಕಾಸಿಯೇ ಪಾಪ ಎನ್ನಲಾರೆ. ಆ ಹುಡುಗಿಯ ತಾಯಿ ಸಂತೆಯಲ್ಲಿ ಐದು ರೂಪಾಯಿಗೆ ಚೌಕಾಸಿ ಮಾಡದಿದ್ದರೆ ಮನೆ ನಡೆಯುವುದಿಲ್ಲ. ಪ್ರವಾಸಿಗರು ಕೇಳುತ್ತಾರೆಂದೇ ಬೆಲೆ ಏರಿಸಿ ಹೇಳುವ ಅಂಗಡಿಯವರೂ ಇದ್ದಾರೆ. ಅಜ್ಜಿಗೂ ಲಾಭ ಉಳಿದಿರಬಹುದು. ಆದರೆ ಅದನ್ನು ತಿಳಿಯುವ ಮನಸ್ಸೇ ನನಗಿರಲಿಲ್ಲ. ಗೆಲ್ಲಬೇಕಿತ್ತು, ಅಷ್ಟೇ. ಸಮ್ಯಕ್ ಆಜೀವ ಎಂದಾಗ ಶಸ್ತ್ರ, ಮದ್ಯ, ವಿಷ ಮಾರಬಾರದೆಂದು ಮಾರುವವರ ಲೆಕ್ಕ ಹಾಕುತ್ತೇವೆ. ಕೊಳ್ಳುವವರಿಗೂ ಒಂದು ಲೆಕ್ಕ ಇರಬೇಕಲ್ಲವೇ?

ಬೇಡ ಎನ್ನಲು ಶಕ್ತಿ ಇರುವವರು ಸರಿ ಎಂದರೆ ಅದು ಕೊಟ್ಟದ್ದು. ಬೇಡ ಎನ್ನಲಾಗದವರು ಸರಿ ಎಂದರೆ, ಆ 'ಸರಿ'ಯನ್ನು ಇನ್ನೊಮ್ಮೆ ಕೇಳಿಸಿಕೊಳ್ಳಬೇಕು.

ಶಾಲನ್ನು ಅಮ್ಮ ದಿನವೂ ಹೊದೆಯುತ್ತಾರೆ. ಬೆಲೆ ಎಷ್ಟೆಂದು ಕೇಳಿದಾಗ ಆರುನೂರು ಎಂದೆ. ಅದೂ ಸುಳ್ಳೇ, ನಾಲ್ಕನೆಯ ಶೀಲದ ಲೆಕ್ಕ.

ಇಂದು ಮನೆಗೆಲಸದವರೋ, ಆಟೋದವರೋ, ಕೈಕೆಳಗಿನವರೋ ನಮಗೆ "ಸರಿ" ಎಂದಾಗ ಒಂದು ಕ್ಷಣ ನಿಂತು ಅವರ ಮುಖ ನೋಡೋಣ.

ಸರ್ವರಿಗೂ ಮಂಗಳವಾಗಲಿ. 🙏