ಸಿಪಾಯಿ ಉಂಡ ಉಪ್ಪು ಯಾರದು?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಅವನು ಸೆರೆಯಲ್ಲಿಟ್ಟಿದ್ದ ಚನ್ನಗಿರಿಯ ಧೋಂಡಿಯಾ ವಾಘ್ ಹೊರಬಂದ. ಕೆಲಸ ಕಳೆದುಕೊಂಡ ಟಿಪ್ಪುವಿನ ಸಿಪಾಯಿಗಳಲ್ಲಿ ಹಲವರು, ಟಿಪ್ಪುವೇ ಬಂಧಿಸಿದ್ದವನ ಹಿಂದೆ ನಡೆದರು. ಅವನು ಬಿದನೂರು ಸೀಮೆಯಲ್ಲಿ ಬಲ ಕೂಡಿಸಿ ‘ಉಭಯಲೋಕಾಧೀಶ್ವರ’ನೆಂದು ಕರೆದುಕೊಂಡ. ಕಂಪನಿಗೆ ಅವನು ದರೋಡೆಕೋರ. ನಂತರ ಬಂದ ಹಲವರಿಗೆ ಸ್ವಾತಂತ್ರ್ಯವೀರ.

ದ್ರೋಹ ಎನ್ನಬೇಕಾದರೆ ಮೊದಲು ನಿಷ್ಠೆ ಇರಬೇಕು. ಆ ಸಿಪಾಯಿಗಳು ಉಂಡದ್ದು ಟಿಪ್ಪುವಿನ ಉಪ್ಪು. ಅವನು ಸತ್ತೊಡನೆ ಆ ಋಣ ಗೆದ್ದವನಿಗೆ ಸಲ್ಲುತ್ತದೆಯೇ? ಇಲ್ಲ. ಹಾಗಾಗಿ ಅವರನ್ನು ದ್ರೋಹಿಗಳೆನ್ನಲಾರೆ. ಆದರೆ ಒಡೆಯ ಸತ್ತರೆ ಋಣವೆಲ್ಲ ತೀರಿತೇ? ಟಿಪ್ಪು ಕೊಟ್ಟ ಸಂಬಳ ರೈತರ ಕಂದಾಯದ್ದು. ಉಪ್ಪಿನ ನಿಜವಾದ ಒಡೆಯ ರೈತ. ಆ ದಂಡು ಸಾಗಿದ ದಾರಿಯಲ್ಲಿ ಸುಲಿಗೆಗೆ ಸಿಕ್ಕಿದವನೂ ಅವನೇ.

1800ರ ಸೆಪ್ಟೆಂಬರ್ 10ರಂದು ಕೋನಗಲ್‌ನಲ್ಲಿ ಆರ್ಥರ್ ವೆಲ್ಲೆಸ್ಲಿಯ ಕುದುರೆಪಡೆಯೊಡನೆ ಹೋರಾಡುತ್ತ ಧೋಂಡಿಯಾ ಮಡಿದ. ಬಿಡಾರದಲ್ಲಿ ಸಿಕ್ಕ ಅವನ ಎಳೆಯ ಮಗ ಸಲಾಬತ್ ಖಾನನ ಪಾಲನೆಯನ್ನು ವೆಲ್ಲೆಸ್ಲಿಯೇ ವಹಿಸಿಕೊಂಡ. ಆ ಕರುಣೆ ನಿಜ. ಅದರಿಂದ ಕಂಪನಿಯ ಆಕ್ರಮಣ ನ್ಯಾಯವಾಗದು. ಕಂಪನಿಯನ್ನು ಎದುರಿಸಿದ್ದೂ ನಿಜ. ಅದರಿಂದ ಧೋಂಡಿಯಾನ ಸುಲಿಗೆ ಅಳಿಯದು. ಬಂಡೇಳುವ ಹಕ್ಕನ್ನು ಎದುರಾಳಿಯ ಅನ್ಯಾಯವೇ ಕೊಡಬಹುದು. ಬಂಡಾಯದ ಮರ್ಯಾದೆಯನ್ನು ಮಾತ್ರ ಕಣಜ ಕಳೆದುಕೊಂಡವನನ್ನು ಕೇಳಿಯೇ ತಿಳಿಯಬೇಕು.