ಹಿಂದೆ ಬರುವವರ ದೀಪ


*ಇಂದಿನ ಚಿಂತನೆ*

ಧಮ್ಮ ಬಂಧುಗಳೇ,

ಸುಳ್ಳು ಹೇಳುವುದಿಲ್ಲ ಎಂಬುದು ಪಂಚಶೀಲದಲ್ಲಿ ನಾಲ್ಕನೆಯದು. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲೂ ಅದಿದೆ. ಆದರೆ ಬಾಯಿಯನ್ನೇ ತೆರೆಯದೆ ಸುಮ್ಮನಿದ್ದರೆ ಅದು ಸುಳ್ಳಾಗುತ್ತದೆಯೇ? ಕಾರಿನ ಬ್ರೇಕ್ ಲೈಟ್ ಕೆಟ್ಟ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ನನ್ನದು ಹಳೆಯ ಸಣ್ಣ ಕಾರು, ಸೆಕೆಂಡ್ ಹ್ಯಾಂಡ್. ಆದರೂ ನಮ್ಮ ಬೀದಿಗೆ ಬಂದ ಮೊದಲ ಕಾರು ಅದು. ನಮ್ಮಪ್ಪ ಜೀತಕ್ಕಿದ್ದ ಮನೆಯವರ ಎತ್ತಿನಗಾಡಿಯ ಹಿಂದೆ ನಡೆದುಕೊಂಡೇ ಸಂತೆಗೆ ಹೋಗುತ್ತಿದ್ದವರು. ಹಾಗಾಗಿ ಆ ಕಾರಿನ ಬಗ್ಗೆ ಯಾರು ಏನು ಅಂದರೂ ನನಗೆ ಬೇಗ ಚುಚ್ಚುತ್ತದೆ.

ಒಂದು ದಿನ ಶಾಲೆಯ ಸ್ಟಾಫ್ ರೂಮಿನ ಮುಂದೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಂದು, “ಸಾರ್, ನೀವು ಬ್ರೇಕ್ ಹಾಕಿದಾಗ ಹಿಂದೆ ಕೆಂಪು ಲೈಟ್ ಬರಲ್ಲ” ಅಂದಳು. ಅವಳು ಸೈಕಲ್ಲಿನಲ್ಲಿ ನನ್ನ ಹಿಂದೆಯೇ ಬರುವವಳು. ಪಕ್ಕದಲ್ಲಿದ್ದ ಸಹೋದ್ಯೋಗಿಯೊಬ್ಬರು “ಸೆಕೆಂಡ್ ಹ್ಯಾಂಡ್ ಅಲ್ವಾ ಮೇಷ್ಟ್ರೇ” ಎಂದು ನಕ್ಕರು. ನಕ್ಕವರು ಅವರು, ನಾನು ಗದರಿದ್ದು ಹುಡುಗಿಯನ್ನು. “ನಿನ್ನ ಪಾಠ ನೋಡ್ಕೊ ಹೋಗು” ಅಂದೆ. ಅವಳು ತಲೆ ತಗ್ಗಿಸಿ ಹೋದಳು.

ನಾಲ್ಕನೆಯ ದಿನ ಸಂಜೆ ಸಂತೇಮರಹಳ್ಳಿ ರಸ್ತೆಯಲ್ಲಿ ಹಂಪ್ ಬಂತು. ಬ್ರೇಕ್ ಒತ್ತಿದೆ. ಕಾರು ನಿಧಾನವಾಯಿತು, ಹಿಂದಿನಿಂದ ಧಡ್ ಎಂದು ಸದ್ದು. ಇಳಿದು ನೋಡಿದರೆ ಡೈರಿಗೆ ಹಾಲು ಒಯ್ಯುತ್ತಿದ್ದ ಹುಡುಗನೊಬ್ಬ ಸ್ಕೂಟರ್ ಸಮೇತ ಬಿದ್ದಿದ್ದ. ಕ್ಯಾನ್ ಉರುಳಿ ಹಾಲೆಲ್ಲ ಟಾರಿನ ಮೇಲೆ ಹರಿದಿತ್ತು. ಮಣಿಕಟ್ಟು ಊದಿಕೊಳ್ಳುತ್ತಿತ್ತು.

ಜನ ಸೇರಿದರು. ಹಿಂದಿನಿಂದ ಗುದ್ದಿದವನದೇ ತಪ್ಪು ಎಂದು ಎಲ್ಲರೂ ತೀರ್ಪು ಕೊಟ್ಟರು. ಒಬ್ಬರು, “ಮೇಷ್ಟ್ರೇ, ನೀವು ಗಾಡಿಗೆ ಪೂಜೆ ಮಾಡಿಸಲ್ಲ, ಒಂದು ನಿಂಬೆಹಣ್ಣೂ ಕಟ್ಟಲ್ಲ, ಅದಕ್ಕೇ” ಅಂದರು. ಆ ಹುಡುಗ ಊದಿದ ಕೈಯಲ್ಲೇ ಕೈಮುಗಿದು, “ತಪ್ಪು ನಂದೇಯ ಸಾ” ಅಂದ.

ಹುಡುಗಿ ಹೇಳಿದ ಮಾತು ನನಗೆ ಆ ಕ್ಷಣವೇ ನೆನಪಾಯಿತು. ಆದರೂ ನಾನು ಹೇಳಿದ್ದೇನು ಗೊತ್ತೇ? “ಇರ್ಲಿ ಬಿಡಪ್ಪ, ಇನ್ಮೇಲೆ ನೋಡ್ಕೊಂಡು ಓಡಿಸು.” ನನ್ನ ತಪ್ಪಿಗೆ ನಾನು ಅವನನ್ನು ಕ್ಷಮಿಸಿ ಮನೆಗೆ ಬಂದೆ.

ರಾತ್ರಿ ಕಾರನ್ನು ಹಿಮ್ಮುಖವಾಗಿ ಗೋಡೆಯ ಹತ್ತಿರ ನಿಲ್ಲಿಸಿ, ಪೆಡಲ್ ಒತ್ತಿ, ಕನ್ನಡಿಯಲ್ಲಿ ನೋಡಿದೆ. ಗೋಡೆ ಕತ್ತಲಾಗಿಯೇ ಇತ್ತು. ನಾಲ್ಕು ದಿನದ ಹಿಂದೆ ಅರ್ಧ ನಿಮಿಷದಲ್ಲಿ ಮಾಡಬಹುದಾಗಿದ್ದ ಪರೀಕ್ಷೆ ಅದು.

ಬೆಳಿಗ್ಗೆ ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಹುಡುಗ ಬಂದ. “ಯಾವುದು ಉರೀತಾ ಇದೆ ಅಂತ ಮೊದಲು ನೋಡೋಣ ಮೇಷ್ಟ್ರೇ” ಅಂದ. ರಾತ್ರಿ ಹಾಕುವ ಲೈಟ್ ಹಾಕಿದಾಗ ಹಿಂದಿನ ಎರಡೂ ಕೆಂಪು ದೀಪ ಮಂದವಾಗಿ ಉರಿದವು. ಒಂದೇ ಬಲ್ಬಿನೊಳಗೆ ಎರಡು ತಂತಿಗಳಿರುತ್ತವೆ. ಮಂದ ಬೆಳಕಿಗೆ 5 ವ್ಯಾಟಿನದು, ಬ್ರೇಕಿಗೆ 21 ವ್ಯಾಟಿನದು. ಎಡಗಡೆ, ಬಲಗಡೆ ಎರಡೂ ಬಲ್ಬಿನ ಬ್ರೇಕ್ ತಂತಿ ಒಟ್ಟಿಗೇ ಸುಡುವುದು ಅಪರೂಪ. ಹಾಗಾದರೆ ದೋಷ ಎರಡಕ್ಕೂ ಕರೆಂಟ್ ಹೋಗುವ ದಾರಿಯಲ್ಲಿರಬೇಕು. ಒಂದೋ ಫ್ಯೂಸ್, ಇಲ್ಲವೇ ಸ್ವಿಚ್.

ಬ್ರೇಕ್ ಪೆಡಲಿನ ಮೇಲ್ಗಡೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಬೆರಳುದ್ದದ ಒಂದು ಸ್ವಿಚ್ ಇದೆ. ಅದಕ್ಕೆ ಎರಡು ವೈರ್. ಅವನು ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಕಾರಿನ ಕಬ್ಬಿಣಕ್ಕೆ ಸಿಕ್ಕಿಸಿ, ಇನ್ನೊಂದನ್ನು ಮೊದಲ ವೈರಿಗೆ ಮುಟ್ಟಿಸಿದ. ಹತ್ತಿತು. ಅಂದರೆ ಫ್ಯೂಸ್ ದಾಟಿ ಕರೆಂಟ್ ಬರುತ್ತಿದೆ. ನಾನು ಪೆಡಲ್ ಒತ್ತಿದೆ, ಅವನು ಎರಡನೆಯ ವೈರ್ ಮುಟ್ಟಿದ. ಹತ್ತಲಿಲ್ಲ. ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ ಎರಡು ವೈರನ್ನೂ ಒಂದು ತುಂಡು ತಂತಿಯಿಂದ ಜೋಡಿಸಿದಾಗ ಹಿಂದಿನ ಗೋಡೆ ಕೆಂಪಾಯಿತು. ಕೆಟ್ಟಿದ್ದು ಸ್ವಿಚ್ಚೇ.

ಅದರ ಕೆಲಸ ಸರಳ. ಕಾಲು ತೆಗೆದಿರುವಾಗ ಪೆಡಲಿನ ತೋಳು ಸ್ವಿಚ್ಚಿನ ಗುಂಡಿಯನ್ನು ಒಳಗೆ ಒತ್ತಿ ಹಿಡಿದಿರುತ್ತದೆ. ಆಗ ಕರೆಂಟ್ ಹರಿಯುವುದಿಲ್ಲ. ಬ್ರೇಕ್ ಒತ್ತಿದಾಗ ತೋಳು ದೂರ ಸರಿಯುತ್ತದೆ, ಗುಂಡಿ ಹೊರಗೆ ಬರುತ್ತದೆ, ಒಳಗಿನ ತಾಮ್ರಗಳು ಕೂಡುತ್ತವೆ, ದೀಪ ಹತ್ತುತ್ತದೆ. ವರ್ಷಗಟ್ಟಲೆ ಕೂಡಿ ಬಿಟ್ಟು ಮಾಡುವಾಗ ಸಣ್ಣ ಕಿಡಿ ಹಾರಿ ಆ ತಾಮ್ರ ಕರಕಲಾಗಿತ್ತು. ಲಾಕ್ ನಟ್ ಸಡಿಲಿಸಿ ಹಳೆಯದನ್ನು ತಿರುಗಿಸಿ ತೆಗೆದ, ಹೊಸದನ್ನು ಕೂರಿಸಿದ. ತೋಳಿನಿಂದ ತುಂಬ ದೂರ ಇಟ್ಟರೆ ದೀಪ ಆರುವುದೇ ಇಲ್ಲ. ತುಂಬ ಒತ್ತಿ ಕೂರಿಸಿದರೆ ಪೆಡಲ್ ಪೂರ್ತಿ ಮೇಲೆ ಬರದೆ ಬ್ರೇಕ್ ಹಿಡಿದುಕೊಳ್ಳುತ್ತದೆ. “ಯಾವಾಗಲೂ ಉರಿಯೋ ಲೈಟನ್ನ ಹಿಂದಿನವರು ನಂಬಲ್ಲ ಮೇಷ್ಟ್ರೇ” ಅಂದ. ದಿನವಿಡೀ ಗದರುವ ಮೇಷ್ಟ್ರ ಮಾತನ್ನು ಮಕ್ಕಳು ಕಿವಿಗೆ ಹಾಕಿಕೊಳ್ಳದ ಹಾಗೆ ಎಂದುಕೊಂಡೆ. ಎಲ್ಲ ಸೇರಿ 200 ರೂಪಾಯಿಯೂ ಆಗಲಿಲ್ಲ.

ಬಂಧುಗಳೇ, ನನ್ನ ಬ್ರೇಕ್ ಚೆನ್ನಾಗಿಯೇ ಇತ್ತು. ನಾನು ನಿಲ್ಲುತ್ತಿದ್ದೆ. ನಿಲ್ಲುತ್ತಿದ್ದೇನೆ ಎಂದು ಹಿಂದಿನವರಿಗೆ ತಿಳಿಸುತ್ತಿರಲಿಲ್ಲ, ಅಷ್ಟೆ. ಆ ‘ಅಷ್ಟೆ’ ಎಷ್ಟು ದೊಡ್ಡದು ನೋಡಿ. ಗಂಟೆಗೆ 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 10 ಮೀಟರ್. ಒಂದು ಸೆಕೆಂಡ್ ತಡವಾಗಿ ತಿಳಿದವನು ಬ್ರೇಕ್ ಮುಟ್ಟುವ ಮೊದಲೇ 10 ಮೀಟರ್ ಮುಂದೆ ಬಂದಿರುತ್ತಾನೆ.

ಒಬ್ಬನೇ ಮನುಷ್ಯನಿದ್ದರೆ ಅವನಿಗೆ ಧಮ್ಮ ಬೇಕಿಲ್ಲ, ಇಬ್ಬರು ಒಟ್ಟಿಗೆ ಬಾಳುವಾಗ ಧಮ್ಮವಿಲ್ಲದೆ ಆಗುವುದಿಲ್ಲ ಎಂಬ ವಿಚಾರವನ್ನು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ವಿವರಿಸಿದ್ದಾರೆ. ಖಾಲಿ ರಸ್ತೆಯಲ್ಲಿ ಬ್ರೇಕ್ ಲೈಟಿಗೂ ಕೆಲಸವಿಲ್ಲ. ಹಿಂದೆ ಇನ್ನೊಂದು ಜೀವ ಬರುತ್ತಿರುವಾಗಲೇ ಅದು ಬೇಕು. ಅದು ಹತ್ತಿದೆಯೋ ಇಲ್ಲವೋ ಓಡಿಸುವವನಿಗೆ ಕಾಣುವುದಿಲ್ಲ. ಹಿಂದಿನವರೇ ಹೇಳಬೇಕು. ಹುಡುಗಿ ಹೇಳಿದ್ದಳು.

ನಿಂಬೆಹಣ್ಣಿನ ಮಾತಿಗೆ ನಾನು ಒಳಗೇ ನಕ್ಕಿದ್ದೆ. ಮೌಢ್ಯ ಬಿಟ್ಟವನು ಎಂಬ ಹೆಮ್ಮೆ. ಆದರೆ ನಿಂಬೆಹಣ್ಣು ಬಿಟ್ಟ ನಾನು ಪರೀಕ್ಷೆಯನ್ನು ಎಲ್ಲಿ ಹಿಡಿದಿದ್ದೆ? ಕಾರಣ ಹುಡುಕಿ ನೋಡುವುದು ಮೈಗೆ ಹತ್ತದಿದ್ದರೆ ಪೂಜೆ ಬಿಟ್ಟಿದ್ದು ಅರ್ಧ ದಾರಿಯಷ್ಟೇ.

ಹೊಸ ಸ್ವಿಚ್ ಹಾಕಿಸಿದ ಸಂಜೆ ಆ ಹುಡುಗನ ಮನೆ ಹುಡುಕಿಕೊಂಡು ಹೋದೆ. ಕೈಗೆ ಬ್ಯಾಂಡೇಜ್ ಕಟ್ಟಿತ್ತು. ಎಲ್ಲ ಹೇಳಿದೆ. “ನಾನೂ ವಸಿ ಹತ್ರ ಬಂದಿದ್ದಿ ಬುಡಿ ಸಾ” ಅಂದ. ಹಾಲಿನದೂ ಆಸ್ಪತ್ರೆಯದೂ ದುಡ್ಡು ಕೊಟ್ಟೆ, ತೆಗೆದುಕೊಂಡ. ಒಲೆಯ ಮುಂದಿದ್ದ ಅವನ ತಾಯಿ ತಿರುಗಿ ನೋಡದೆ ಹೇಳಿದರು: “ಈ ಮಾತ ಅವತ್ತೇ ಅಲ್ಲೇ ಆಡ್ಬೇಕಿತ್ತು ಕನಪ್ಪ. ಅಷ್ಟು ಜನದ ಮುಂದ ನನ್ ಮಗ ತಪ್ಪಾಯ್ತು ಅಂತ ಕೈ ಮುಗ್ದ.”

ನನಗೆ ಉತ್ತರ ಹೊಳೆಯಲಿಲ್ಲ. ಚೆಲ್ಲಿದ ಹಾಲಿಗೆ ದುಡ್ಡು ಕೊಡಬಹುದು. ನಾಲ್ಕು ಜನರ ಮುಂದೆ ಹೋದ ಮಾನವನ್ನು ಅಡುಗೆಮನೆಯಲ್ಲಿ ಹಿಂದಿರುಗಿಸಲಾಗುವುದಿಲ್ಲ. ಇದನ್ನು ನಮ್ಮ ಜನಕ್ಕೆ ಬೇರೆಯವರು ಬಂದು ಕಲಿಸಬೇಕೇ?

ಮರುದಿನ ಬೆಳಿಗ್ಗೆ ಡೈರಿಯ ಮುಂದೆ ಕ್ಯಾನ್ ಹಿಡಿದು ಸಾಲು ನಿಂತಿದ್ದವರೆದುರು, “ಅವತ್ತು ನನ್ನ ಕಾರಿನ ಲೈಟ್ ಕೆಟ್ಟಿತ್ತು, ನನಗೆ ಗೊತ್ತಿತ್ತು, ತಪ್ಪು ನನ್ನದು” ಎಂದೆ. ಗಂಟಲು ಒಣಗಿತ್ತು. ಕೆಲವರು ನಕ್ಕರು. ಆ ಹುಡುಗ ತಲೆಯೆತ್ತಿ ನಿಂತಿದ್ದ. ಶಾಲೆಯಲ್ಲಿ ಅದೇ ಸ್ಟಾಫ್ ರೂಮಿನ ಮುಂದೆ ಹುಡುಗಿಯನ್ನು ಕರೆದು, “ನೀನು ಹೇಳಿದ್ದು ಸರಿ ಕಣಮ್ಮ, ಗದರಿದ್ದು ನನ್ನ ತಪ್ಪು” ಅಂದೆ. ಅವಳು ಕೇಳಿದ್ದು ಒಂದೇ: “ಈಗ ಲೈಟ್ ಬರ್ತದಾ ಸಾರ್?”

ನಾವು ತಲೆಮಾರುಗಳಿಂದ ಅವಮಾನ ಉಂಡವರು. ಅದಕ್ಕೇ ಯಾರಾದರೂ ತಿದ್ದಿದರೆ ಅದೂ ಅವಮಾನವೆಂದೇ ಕೇಳಿಸುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವುದನ್ನು ನಾನು ಇನ್ನೂ ಕಲಿಯುತ್ತಿದ್ದೇನೆ. ಸಹೋದ್ಯೋಗಿಯ ನಗು ಅವಮಾನ, ಹುಡುಗಿಯ ಮಾತು ಕಾಳಜಿ. ಒಂದಕ್ಕೆ ಬಂದ ಸಿಟ್ಟನ್ನು ಇನ್ನೊಂದರ ಮೇಲೆ ತೀರಿಸಿದೆ.

ಮೊದಲಿನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು. ನಮ್ಮ ಒಂದು ಮಾತಿನ ಮೇಲೆ ಇನ್ನೊಬ್ಬರ ಜೀವವೋ ಮಾನವೋ ನಿಂತಿರುವಾಗ ಸುಮ್ಮನಿರುವುದೂ ಸುಳ್ಳೇ. ಹತ್ತದ ದೀಪ “ನಾನು ನಿಲ್ಲುತ್ತಿಲ್ಲ” ಎಂದು ಸುಳ್ಳು ಹೇಳಿತು. ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಅದೇ ಕೆಲಸ ಮಾಡಿದೆ. ನಮ್ಮಪ್ಪ ಗಾಡಿಯ ಹಿಂದೆ ನಡೆದವರು. ಇಂದು ಗಾಡಿಯೊಳಗೆ ಕೂತ ನಾನು ಹಿಂದೆ ಬರುವವರನ್ನು ಮರೆಯಬಾರದಿತ್ತು.

ಈ ಭಾನುವಾರ ವಂದನೆಗೆ ಬಂದಾಗ ಒಂದು ಕೆಲಸ ಮಾಡೋಣ. ಒಬ್ಬರು ಬ್ರೇಕ್ ಒತ್ತಲಿ, ಇನ್ನೊಬ್ಬರು ಹಿಂದೆ ನಿಂತು ನೋಡಲಿ. ಬೈಕ್, ಸ್ಕೂಟರ್, ಕಾರು ಎಲ್ಲವೂ. ಹತ್ತದಿದ್ದರೆ ಹೇಳಿ. ಹೇಳಿಸಿಕೊಂಡವರು ಸಿಟ್ಟಾಗಬೇಡಿ.

ಜೈ ಭೀಮ್. ನಮೋ ಬುದ್ಧಾಯ.