ಗೌಡರ ಜೀಪು ಎಲ್ಲಿದೆ?


*ಇಂದಿನ ಧಮ್ಮ ಚಿಂತನೆ*

ಬಂಧುಗಳೇ,

ಮಿಲಿಂದ ರಾಜ ಮತ್ತು ಭಂತೆ ನಾಗಸೇನರ ಮಾತುಕತೆಯನ್ನು ನಮ್ಮ ಓದುಕೂಟದಲ್ಲಿ ಹಲವು ಸಲ ಓದಿದ್ದೇವೆ. ನಡೆದು ಬಂದಿರೋ, ರಥದಲ್ಲಿ ಬಂದಿರೋ ಎಂದು ನಾಗಸೇನರು ಕೇಳುತ್ತಾರೆ. ರಥದಲ್ಲಿ ಬಂದೆ ಎನ್ನುತ್ತಾನೆ ರಾಜ. ಹಾಗಾದರೆ ರಥ ಯಾವುದು ತೋರಿಸಿ. ಮೂಕಿಯೇ ರಥವೇ? ಅಚ್ಚೇ? ಗಾಲಿಯೇ? ನೊಗವೇ? ಪ್ರತಿಯೊಂದಕ್ಕೂ ರಾಜ ಅಲ್ಲ ಎನ್ನುತ್ತಾನೆ. ಇವನ್ನೆಲ್ಲ ಬಿಟ್ಟು ಬೇರೆ ರಥವಿದೆಯೇ ಎಂದರೆ ಅದೂ ಇಲ್ಲ. ಎಲ್ಲ ಕೂಡಿದಾಗ ವ್ಯವಹಾರಕ್ಕೆ ಇಟ್ಟ ಹೆಸರು ರಥ. ಮನುಷ್ಯನೂ ಹಾಗೆಯೇ. ರೂಪ, ವೇದನೆ, ಸಂಜ್ಞೆ, ಸಂಖಾರ, ವಿಜ್ಞಾನ ಎಂಬ ಐದು ಖಂಧಗಳು ಕೂಡಿದ್ದಕ್ಕೆ ಒಂದು ಹೆಸರು, ಅಷ್ಟೇ.

ಈ ರಥದ ಮಾತನ್ನು ನಾಗಸೇನರಿಗಿಂತ ಮೊದಲು ಆಡಿದ್ದು ಒಬ್ಬ ಹೆಣ್ಣುಮಗಳು, ಭಿಕ್ಖುನಿ ವಜಿರಾ. ಶ್ರಾವಸ್ತಿಯ ಅಂಧವನದಲ್ಲಿ ಮಾರ ಆಕೆಯನ್ನು ಕೆಣಕಿದಾಗ ಆಕೆ ಕೊಟ್ಟ ಉತ್ತರ ಸಂಯುತ್ತ ನಿಕಾಯದಲ್ಲಿದೆ. ನಾಗಸೇನರೇ ಆಕೆಯ ಗಾಥೆಯನ್ನು ಆಧಾರವಾಗಿ ತೋರಿಸುತ್ತಾರೆ. ಆದರೂ ಭಾಷಣಗಳಲ್ಲಿ ನಾಗಸೇನರ ಹೆಸರು ಬರುವಷ್ಟು ವಜಿರಾ ಹೆಸರು ಬರುವುದಿಲ್ಲ. ಬಾಬಾಸಾಹೇಬರಿಗೆ ಈ ಸಂವಾದ ಎಷ್ಟು ಹತ್ತಿರವಾಗಿತ್ತು ಎಂಬುದಕ್ಕೆ ಔರಂಗಾಬಾದ್ ನೋಡಿ. ಪೀಪಲ್ಸ್ ಎಜುಕೇಶನ್ ಸೊಸೈಟಿಯ ಕಾಲೇಜಿಗೆ ಮಿಲಿಂದನ ಹೆಸರು, ಅದರ ಆವರಣಕ್ಕೆ ನಾಗಸೇನವನ ಎಂಬ ಹೆಸರು.

ನಮ್ಮ ಮನೆಯ ಅಂಗಳದಲ್ಲಿ ಎರಡು ವರ್ಷ ಇಂಥದೊಂದು ರಥ ಬಿಚ್ಚಿಕೊಂಡು ಬಿದ್ದಿತ್ತು. ಮಹೀಂದ್ರ ಎಂಎಂ 540 ಜೀಪು, 1991ರದು. ರಟ್ಟೀಹಳ್ಳಿ ಹತ್ತಿರದ ಒಂದು ಹಳ್ಳಿಯ ದೊಡ್ಡ ಮನೆಯವರದು. ಅಪ್ಪ ಆ ಮನೆಯಲ್ಲಿ ಆಳಾಗಿ ದುಡಿದವನು. ಹತ್ತಿ ಅಂಡಿಗೆ, ಜೋಳದ ಚೀಲ ಅದಕ್ಕೆ ಹೇರುತ್ತಿದ್ದ. ಕುಮುದ್ವತಿ ಹೊಳೆಗೆ ಇಳಿಸಿ ಅದನ್ನು ತೊಳೆಯುತ್ತಿದ್ದವನೂ ಅವನೇ. ತಾನು ಹತ್ತಬೇಕಾದಾಗ ಮಾತ್ರ ಹಿಂದೆ, ಚೀಲದ ಮೇಲೆ. ಮುಂದಿನ ಸೀಟು ಖಾಲಿ ಇದ್ದರೂ ಹಿಂದೆಯೇ. ಆಮೇಲೆ ಜೀಪು ಕೆಟ್ಟು ಹುಣಸೆಮರದ ಕೆಳಗೆ ಬಹಳ ವರ್ಷ ನಿಂತಿತು, ಕೊನೆಗೆ ಗುಜರಿಗೆ ಹೋಯಿತು. ಅಲ್ಲಿ ನನ್ನ ತಮ್ಮ ಕಂಡ. ಅವನು ಟ್ರ್ಯಾಕ್ಟರ್ ಮೆಕ್ಯಾನಿಕ್. ತೂಕದ ಲೆಕ್ಕದಲ್ಲಿ ಕೊಂಡು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಬಂದ. "ಸಗಣಿ ಗುಂಡಿಗಿ ಒಂದು ತೊಟ್ಟಿ ಆತು" ಅಂದಳು ಅವ್ವ.

ಪ್ರತಿ ಭಾನುವಾರದ ಕೆಲಸ ಅದೇ ಆಯಿತು. ಎಂಜಿನ್ನು ಪ್ಯೂಜೋ ಕಂಪನಿಯ ಲೈಸೆನ್ಸಿನಲ್ಲಿ ಇಲ್ಲೇ ಮಾಡಿದ ಡೀಸೆಲ್ ಎಂಜಿನ್, 2112 ಸಿಸಿ. ಅದಕ್ಕೆ ಎಕ್ಸ್‌ಡಿಪಿ 4.90 ಅನ್ನುತ್ತಾರೆ, ನಾಲ್ಕು ಸಿಲಿಂಡರು, ಒಂದೊಂದು 90 ಮಿಲಿಮೀಟರ್ ಅಗಲ. ತಮ್ಮ ಬಿಚ್ಚುತ್ತಿದ್ದ, ನನ್ನ ಮಗಳು ಪ್ರತಿಯೊಂದನ್ನೂ ಫೋನಿನಲ್ಲಿ ಫೋಟೋ ಹಿಡಿದು ನಂಬರ್ ಹಾಕುತ್ತಿದ್ದಳು. ಅಪ್ಪ ನಟ್ಟು ಬೋಲ್ಟು ಡೀಸೆಲಿನಲ್ಲಿ ತೊಳೆದು ಡಬ್ಬಿಗೆ ಹಾಕುತ್ತಿದ್ದ. ಡೀಸೆಲ್ ಪಂಪು, ನೋಝಲ್ ಹುಬ್ಬಳ್ಳಿಗೆ ಹೋಗಿ ಬಂದವು. ತಳದ ತಗಡು ಪೂರ್ತಿ ತುಕ್ಕು ತಿಂದಿತ್ತು, ಹೊಸದು ಬೆಸೆಯಬೇಕಾಯಿತು. ಹುಡ್ಡು ಹೊಸದು, ವೈರಿಂಗ್ ಹೊಸದು, ಪಿಸ್ಟನ್ ರಿಂಗು ಹೊಸದು.

ಡೀಸೆಲ್ ಎಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಒತ್ತಿ ಕಾಯಿಸಿ, ಆ ಕಾವಿಗೇ ಎಣ್ಣೆ ಹೊತ್ತಬೇಕು. ಪೈಪಿನಲ್ಲಿ ಒಂದು ಗುಳ್ಳೆ ಗಾಳಿ ನಿಂತರೂ ಚಾಲೂ ಆಗುವುದಿಲ್ಲ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಇಲ್ಲವೇ ಡೀಸೆಲ್ ಹೆಚ್ಚಾಗಿದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಇದಿದ್ದರೆ ಅದು, ಇದು ನಿಂತರೆ ಅದೂ ನಿಲ್ಲುತ್ತದೆ. ಪಟಿಚ್ಚಸಮುಪ್ಪಾದವನ್ನು ನನ್ನ ಮಗಳು ಪುಸ್ತಕಕ್ಕಿಂತ ಸೈಲೆನ್ಸರ್ ಹತ್ತಿರ ಚೆನ್ನಾಗಿ ಕಲಿತಳು. ಪೂಜೆ ಯಾವಾಗ ಎಂದು ಓಣಿಯವರು ಕೇಳಿದರು. ನಿಂಬೆಹಣ್ಣು ಬ್ರೇಕು ಹಿಡಿಯುವುದಿಲ್ಲ. ಬ್ರೇಕ್ ಆಯಿಲ್ ನೋಡಿ, ತ್ರಿಶರಣ ಪಂಚಶೀಲ ಹೇಳಿ ಮುಗಿಸಿದೆವು.

ಆದರೆ ಎರಡು ವರ್ಷವೂ ಊರವರು ಕೇಳುತ್ತಿದ್ದುದು ಒಂದೇ ಮಾತು: "ಗೌಡ್ರ ಜೀಪು ಎಲ್ಲೀಮಟ ಬಂತು?" ಅಪ್ಪನೂ ಹಾಗೇ ಅನ್ನುತ್ತಿದ್ದ. ಮಗಳಿಗೆ ಸಿಟ್ಟು. ಒಂದು ದಿನ ಗೋಣಿತಾಟಿನ ಮೇಲೆ ಹರವಿದ್ದ ಸಾಮಾನು ತೋರಿಸಿ, ನಾಗಸೇನರ ಥರವೇ ಕೇಳಿದಳು, "ಅಜ್ಜಾ, ಇದರಾಗ ಗೌಡ್ರ ಜೀಪು ಯಾವ್ದು? ಈ ತಗಡು ನಾವು ತಂದದ್ದು. ಈ ರಿಂಗು ನಾವು ತಂದದ್ದು." ನಾನೂ ಹೌದೆಂದೆ. ಹೆಸರುಗಳು ಎಷ್ಟು ಬದಲಾಗುತ್ತವೆ! ಜೀಪಿನ ನಂಬರು ಕೆಎ 25, ಧಾರವಾಡದ್ದು. 1997ರಲ್ಲಿ ನಾವು ಹಾವೇರಿ ಜಿಲ್ಲೆಯಾದೆವು. ಹಿರೇಕೆರೂರು ತಾಲ್ಲೂಕಿನವರು ರಟ್ಟೀಹಳ್ಳಿ ತಾಲ್ಲೂಕಿನವರಾದೆವು. ಜೀಪು ಮಾಡಿದ ಕಂಪನಿಯೂ 1945ರಲ್ಲಿ ಹುಟ್ಟಿದಾಗ ಮಹೀಂದ್ರ ಅಂಡ್ ಮೊಹಮ್ಮದ್. ಪಾಲುದಾರರಾದ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದ ಮೇಲೆ ಮಹೀಂದ್ರ ಅಂಡ್ ಮಹೀಂದ್ರ ಆಯಿತು.

ಅವ್ವ ಅಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅಂದಳು:

"ನಿಮ್ಮ ನಾಗಸೇನ ಕೇಳಿದ್ದು ರಾಜಾನ್ನ. ರಥದಾಗ ಕುಂತು ಬಂದಾಂವಗ ಹೆಸರು ಬರೇ ಹೆಸರು ಅಂದ್ರ ಏನ್ ಹೊಕ್ಕತಿ? ನಮಗ ಆ ಹೆಸರಿನ ಮ್ಯಾಲೇ ಚಾದಂಗಡ್ಯಾಗ ಬ್ಯಾರೆ ಕಪ್ಪು ಇಡ್ತಿದ್ರು."

ಬಂಧುಗಳೇ, ಈ ಮಾತಿಗೆ ಉತ್ತರವಿಲ್ಲದೆ ಅನತ್ತಾ ಬೋಧಿಸುವುದು ನಮ್ಮಂಥವರಿಗೆ ಸಲ್ಲದು. ಜಾತಿ ಬರೀ ಹೆಸರು, ಅದನ್ನು ಮರೆತುಬಿಡಿ ಎಂದು ನಮಗೆ ಉಪದೇಶ ಮಾಡುವವರು ಬಹಳ ಇದ್ದಾರೆ. ಅವರ್‍ಯಾರೂ ಬೇರೆ ಕಪ್ಪಿನಲ್ಲಿ ಕುಡಿದವರಲ್ಲ. ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ' ಬರೆದಾಗ ಜಾತಿ ಮನಸ್ಸಿನ ಸ್ಥಿತಿ ಎಂದೇ ಗುರುತಿಸಿದರು. ಆದರೆ ಮರೆತುಬಿಡಿ ಅನ್ನಲಿಲ್ಲ. ಮನುಷ್ಯರು ಜೋಡಿಸಿದ್ದನ್ನು ಮನುಷ್ಯರೇ ಬಿಚ್ಚಬೇಕು. 1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಮುಟ್ಟಿದಾಗ ಒಂದು ಬೋಲ್ಟು ಸಡಿಲಿಸಿದರು, ಸಂವಿಧಾನದ 17ನೇ ವಿಧಿಯಲ್ಲಿ ಇನ್ನೊಂದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೇರೆಯವರು ಕೊಟ್ಟ ಹೆಸರನ್ನೇ ಕಳಚಿಟ್ಟು, ಬೇಕಾದ ಹೆಸರನ್ನು ನಾವೇ ಇಟ್ಟುಕೊಂಡೆವು. ವಜಿರಾ ಹೇಳಿದ್ದು ನಮ್ಮ ಕೈಗೆ ಪಾನಾ ಆಗಿ ಬರಬೇಕು. ನೋಡಿ, ಇದು ಬಿಚ್ಚಲು ಬರುತ್ತದೆ ಎಂಬ ಧೈರ್ಯ ಅದು.

ಎಲ್ಲಕ್ಕಿಂತ ಗಟ್ಟಿ ಕಚ್ಚಿಕೊಂಡಿರುವುದು ಮಾತ್ರ ಒಳಗಿನದು. ಜೀಪು ಚಾಲೂ ಆದ ದಿನ ಎಲ್ಲರೂ ಹೊಳೆಯ ಸೇತುವೆವರೆಗೆ ಹೋಗಿ ಬರುವುದೆಂದು ಆಯಿತು. ತಮ್ಮ ಮುಂದಿನ ಸೀಟು ಒರೆಸಿ, "ಅಪ್ಪಾ, ಹತ್ತು" ಅಂದ. ಅಪ್ಪ ಬಂದ, ನೇರ ಹಿಂದಕ್ಕೆ ಹೋದ. ಕೈ ತಾನಾಗಿಯೇ ಹಿಂದಿನ ಪಟ್ಟಿ ಹಿಡಿಯಿತು, ಕಾಲು ತಾನಾಗಿಯೇ ಮೇಲಾಯಿತು. ಎಪ್ಪತ್ತು ದಾಟಿದ ಮೊಣಕಾಲಿಗೆ ಅದು ಕಷ್ಟದ ದಾರಿ. ಆದರೂ ಆ ದೇಹಕ್ಕೆ ಗೊತ್ತಿದ್ದ ದಾರಿ ಅದೊಂದೇ. ಸಂಖಾರ ಎಂಬ ಶಬ್ದವನ್ನು ನಾನು ಎಷ್ಟೋ ಸಲ ವಿವರಿಸಿದ್ದೇನೆ. ಅದನ್ನು ಕಣ್ಣಾರೆ ಕಂಡದ್ದು ಅವತ್ತು. ಗೌಡರ ಜೀಪು ತಗಡಿನಲ್ಲಿ ಇರಲಿಲ್ಲ, ಎಂಜಿನ್ನಿನಲ್ಲಿ ಇರಲಿಲ್ಲ. ಅಪ್ಪನ ಕಾಲಿನಲ್ಲಿತ್ತು.

ಯಾರೂ ಏನೂ ಅನ್ನಲಿಲ್ಲ. ಮಗಳು ಹೋಗಿ ಅಜ್ಜನ ಪಕ್ಕ ಕೂತಳು. ಅವ್ವನೂ ಹಿಂದೆ ಹತ್ತಿದಳು, ನಾನೂ ಹತ್ತಿದೆ. ಮುಂದೆ ತಮ್ಮ ಒಬ್ಬನೇ. ಸೇತುವೆ ಹತ್ತಿರ ಇಳಿದು ಅಪ್ಪ ಜೀಪಿನ ಸುತ್ತ ಒಂದು ಸಲ ಬಂದ. ಮುಂದಿನ ಸೀಟಿನ ಬದಿಗೆ ನಿಂತು, "ಇಲ್ಲೊಂದು ಹಿಡಿಕಿ ಇತ್ತಲ್ಲೋ" ಅಂದ. ತೊಳೆದವನಿಗೆ ಗೊತ್ತಿತ್ತು. ತಮ್ಮನಿಗೆ ತಿಳಿಯಲಿಲ್ಲ. "ಇಲ್ಲಲ್ಲ, ಇಲ್ಲಿ" ಎಂದು ತೋರಿಸಲು ಅಪ್ಪ ಮೇಲೆ ಹತ್ತಿ ಕೂತ, ಇಲ್ಲದ ಹಿಡಿಕೆಯ ಜಾಗದಲ್ಲಿ ಕೈ ಇಟ್ಟ. ಹಾಗೇ ಕೂತೇ ಮನೆಗೆ ಬಂದ.

ಹಿಡಿಕೆ ಬೆಸೆದದ್ದಾಗಿದೆ. ಈಗ ಕೆಲವು ದಿನ ಮುಂದೆ ಕೂರುತ್ತಾನೆ, ಕೆಲವು ದಿನ ಹಿಂದೆ. ಸಂತೆಯ ದಿನ ಹಿಂದೆಯೇ ಹೆಚ್ಚು. ನಾವು ಕಾರಣ ಕೇಳುವುದಿಲ್ಲ.

ಈ ಭಾನುವಾರ ಓದುಕೂಟದಲ್ಲಿ ವಜಿರಾ ಸುತ್ತ ಓದುತ್ತೇವೆ. ಮಾಸೂರು ಕಡೆಯಿಂದ ಬರುವವರಿಗೆ ಬಸ್‌ಸ್ಟ್ಯಾಂಡಿಗೆ ಜೀಪು ಬರುತ್ತದೆ. ಮಗಳು ಬಾಗಿಲ ಪಟ್ಟಿಯ ಮೇಲೆ ನೀಲಿ ಬಣ್ಣದಲ್ಲಿ 'ವಜಿರಾ' ಎಂದು ಬರೆದಿದ್ದಾಳೆ. ಆದರೆ ಅಂಗಡಿಯವರನ್ನು ಕೇಳುವುದಾದರೆ ಸದ್ಯಕ್ಕೆ ಗೌಡರ ಜೀಪು ಅಂತಲೇ ಕೇಳಿ, ಹೊಸ ಹೆಸರು ಊರಿಗೆ ಇನ್ನೂ ಗೊತ್ತಾಗಿಲ್ಲ.

ಭವತು ಸಬ್ಬ ಮಂಗಲಂ 🙏